ಬ್ಯಾಗಿನ ಕಡೆ ಹೋಗುವ ಕಣ್ಣು

ಬೀರುವಿಗೆ ಬೀಗ ಹಾಕಿ, ಜಗ್ಗಿ ನೋಡಿ, ಬೀಗದ ಕೈಯನ್ನು ಬ್ಯಾಗಿನ ಒಳಜೇಬಿಗೆ ಸೇರಿಸಿ ಜಿಪ್ ಎಳೆದ ಮೇಲೂ ಅತ್ತೆಮ್ಮನಿಗೆ ಸಮಾಧಾನವಾಗಲಿಲ್ಲ. ಮತ್ತೆ ಹೋಗಿ ಜಗ್ಗಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆ ನೋಡಿಯೂ ನೋಡದಂತೆ ಪಾತ್ರೆ ಒರೆಸುತ್ತಿದ್ದಳು. ಮದುವೆಯಾಗಿ ಬಂದಾಗಿನಿಂದ ಅವಳಿಗೆ ಇದು ಅಭ್ಯಾಸವಾಗಿತ್ತು. ಅಷ್ಟಕ್ಕೂ ಬೀರುವಿನಲ್ಲಿದ್ದದ್ದು ಹಳೆಯ ಹೊದಿಕೆಗಳು, ಒಂದಿಷ್ಟು ಆಲ್ಬಮ್ಮು.

ಅತ್ತೆಮ್ಮ ಎಂಬುದು ಬೀದಿಯವರು ಇಟ್ಟ ಹೆಸರು. ಧಾರಾವಾಹಿಗಳಲ್ಲಿ ಅವರಿಗೆ ಇಷ್ಟು ವರ್ಷ ಸಿಕ್ಕಿದ್ದು ಒಂದೇ ಪಾತ್ರ: ಬಾಗಿಲ ಸಂದಿಗೆ ಕಿವಿಗೊಟ್ಟು ಸೊಸೆಯನ್ನು ಕಾಯುವ ಅತ್ತೆ. ಈಗ ಹೊಸ ಧಾರಾವಾಹಿಯೊಂದಕ್ಕೆ ಅನಾಥ ಮಕ್ಕಳನ್ನು ಸಾಕುವ ತಾಯಿ ಬೇಕಾಗಿದ್ದಳು. ಸಂಜೆಯೊಳಗೆ ಮುಖದ ಫೋಟೊ ಕಳಿಸಬೇಕು. ಇದೂ ಕೈತಪ್ಪಿದರೆ ಉಳಿದ ಆಯುಷ್ಯವೆಲ್ಲ ಬಾಗಿಲ ಸಂದಿಯೇ ಗತಿ.

ಫೋಟೊಗ್ರಾಫರ್ ಫೋನಿನಲ್ಲೇ ಒಂದು ಕೆಲಸ ಹಚ್ಚಿದ್ದ. ನೀವು ಏನಾಗಬೇಕು ಅನ್ನುವುದು ಆಮೇಲೆ, ನೋಡಿದ ಕೂಡಲೇ ಜನ ನಿಮ್ಮನ್ನು ಏನೆಂದುಕೊಳ್ಳುತ್ತಾರೆ ಕೇಳಿಕೊಂಡು ಬನ್ನಿ. ಬಟ್ಟೆ, ಬೆಳಕು ಎಲ್ಲ ಅದನ್ನು ನೋಡಿಕೊಂಡೇ ಎಂದಿದ್ದ. ಇವನಿಗೇನೋ ಮಸಲತ್ತು ಇರಬೇಕು ಅಂದುಕೊಂಡೇ ಅತ್ತೆಮ್ಮ ಕೇಳಿದರು. ಹೊಸದಾಗಿ ಬಂದ ಇಸ್ತ್ರಿಯವನು, ರೈಲಿನಲ್ಲಿ ಟಿಕೆಟ್ ತೋರಿಸಿ ಅನ್ನೋರ ಥರ ಇದ್ದೀರಿ ಎಂದ. ಔಷಧಿ ಅಂಗಡಿಯ ಹುಡುಗಿ ಹಾಸ್ಟೆಲ್ ವಾರ್ಡನ್ ಎಂದಳು. ಸೊಸೆಯನ್ನು ಬಹಳ ಒತ್ತಾಯಿಸಿದ ಮೇಲೆ ಅವಳು ಪಾತ್ರೆಯ ಕಡೆಯೇ ಮುಖ ಮಾಡಿ, "ಬೇಜಾರು ಮಾಡ್ಕೋಬೇಡಿ ಅತ್ತೆ, ಸಿಸಿ ಕ್ಯಾಮೆರಾ ಥರ" ಎಂದಳು. ಯಾರೋ ಇವರಿಗೆಲ್ಲ ಹೇಳಿಕೊಟ್ಟಿದ್ದಾರೆ ಎಂದು ಅತ್ತೆಮ್ಮನಿಗೆ ಖಾತ್ರಿಯಾಯಿತು.

ಜನ ತಮ್ಮ ಮುಖ ನೋಡಿ ಪಾತ್ರ ಹಂಚುತ್ತಾರೆ ಎಂದು ಗೊಣಗುವ ಈ ಮಹಾತಾಯಿ, ತಾವು ಮಾತ್ರ ಎದುರಿಗೆ ಬಂದವರಿಗೆಲ್ಲ ಪಾತ್ರ ಹಂಚುತ್ತಲೇ ಇದ್ದರು. ಸ್ಟುಡಿಯೊದ ಮೆಟ್ಟಿಲು ಹತ್ತಿದವರೇ ಫೋಟೊಗ್ರಾಫರನನ್ನು ನೋಡಿ, ಇವನು ಮಾತಲ್ಲೇ ಮರುಳು ಮಾಡುವ ಅಳಿಯ ಎಂದು ತೀರ್ಮಾನಿಸಿದರು. ಮೇಕಪ್ ಮಾಡುವವಳು ಸಣಕಲು ಹೆಂಗಸು. ತೋಳಿನ ಬಟ್ಟೆ ಸುಟ್ಟು ತೂತಾಗಿತ್ತು, ತಲೆ ತಗ್ಗಿಸಿಯೇ ಮಾತು. ಇವಳು ಮನೆಯಲ್ಲಿದ್ದುಕೊಂಡೇ ಒಡವೆ ಸಾಗಹಾಕುವ ಕೆಲಸದವಳು ಎಂದು ಅವಳಿಗೂ ಪಾತ್ರ ಹಂಚಿಯಾಯಿತು.

ಬ್ಯಾಗನ್ನು ಮೂಲೆಯ ಕುರ್ಚಿಯ ಮೇಲೆ ಇಡಬೇಕಾಯಿತು. ಕೂದಲಿಗೆ ಇಸ್ತ್ರಿ ಮಾಡುವ ಕಡ್ಡಿಯ ಪ್ಲಗ್ಗೂ ಅದೇ ಮೂಲೆಯಲ್ಲಿತ್ತು. ಕಡ್ಡಿ ಕಾಯಿತೇ ನೋಡಲು ಆ ಹೆಂಗಸು ಅತ್ತ ಹೋದಾಗಲೆಲ್ಲ ಅತ್ತೆಮ್ಮನ ಕತ್ತು ನೆಟ್ಟಗಾಗುತ್ತಿತ್ತು. ಬಟ್ಟೆ ಬದಲಿಸಿದರು, ಬೆಳಕು ಬದಲಿಸಿದರು, ನಕ್ಕರು. ಫೋಟೊಗ್ರಾಫರ್ ತೆಗೆದದ್ದೇ ತೆಗೆದದ್ದು. ಕೊನೆಗೆ ಮೇಕಪ್‌ನವಳೇ ಕಡ್ಡಿಯ ಪ್ಲಗ್ ಕಿತ್ತು ಅವನ ಹತ್ತಿರ ಬಂದಳು.

"ನಾನು ಹೊರಗೆ ನಿಂತಿರ್ತೀನಿ ಸಾರ್. ನಾನಿದ್ರೆ ಅಮ್ಮನ ಕಣ್ಣು ನಿಲ್ಲಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇಂಥದ್ದನ್ನು ಎಷ್ಟೋ ಮನೆಗಳಲ್ಲಿ ಕಂಡವಳ ಹಾಗೆ ಹೇಳಿ ಹೋದಳು. ಫೋಟೊಗ್ರಾಫರ್ ಮತ್ತೊಂದಿಷ್ಟು ತೆಗೆದು, ಎಲ್ಲವನ್ನೂ ಪರದೆಯ ಮೇಲೆ ಸಾಲಾಗಿ ತೋರಿಸಿದ. ಮೊದಲಿನವುಗಳಲ್ಲೆಲ್ಲ ತುಟಿ ನಗುತ್ತಿತ್ತು, ಕಣ್ಣು ಮೂಲೆಯ ಕುರ್ಚಿಯ ಕಡೆ ಜಾರಿತ್ತು. ಕೊನೆಯವುಗಳಲ್ಲಿ ಅದು ಬಾಗಿಲಿಗೆ ತಿರುಗಿತ್ತು. ಹೊರಗೆ ಅವಳೇನು ಮಾಡುತ್ತಿದ್ದಾಳೋ ಎಂದು.

"ನನ್ನ ವಸ್ತು ನಾನು ನೋಡ್ಕೊಂಡ್ರೆ ತಪ್ಪೇನಪ್ಪಾ? ಕಾಲ ಹೇಗಿದೆ ನಿಂಗೆ ಗೊತ್ತಿಲ್ವಾ?"

"ತಪ್ಪಲ್ಲಮ್ಮಾ. ಆದ್ರೆ ಫೋಟೊದಲ್ಲಿರೋ ಇವಳು ಮಕ್ಕಳನ್ನ ಸಾಕೋ ತಾಯಿ ಅಲ್ಲ. ಈ ಮಕ್ಕಳಲ್ಲಿ ಕಳ್ಳ ಯಾರು ಅಂತ ಹುಡುಕ್ತಿರೋಳು."

ಅತ್ತೆಮ್ಮನಿಗೆ ಮುಖಕ್ಕೆ ಹೊಡೆದಂತಾಯಿತು. ಪರದೆಯ ಮೇಲಿನ ಹೆಂಗಸು ಬೀರುವಿನ ಬೀಗ ಜಗ್ಗುವವಳೇ. ಸೊಸೆ ದಿನವೂ ನೋಡುವ ಮುಖ ಇದೇ ಇರಬೇಕು. ಅವಳು ತಮ್ಮ ಕಡೆ ತಿರುಗಿ ಮಾತಾಡದಿರುವುದು ಯಾಕೆಂದು ಈಗ ಹೊಳೆಯಿತು. ನಾಚಿಕೆಯಾಯಿತು, ಜೊತೆಗೆ ಸ್ವಲ್ಪ ಸಿಟ್ಟೂ ಬಂತು, ಯಾರ ಮೇಲೆಂದು ಗೊತ್ತಾಗಲಿಲ್ಲ. ಎದ್ದು ಬ್ಯಾಗು ತೆಗೆದುಕೊಂಡು ಬಾಗಿಲಿಗೆ ಹೋದರು.

"ಒಳಗೆ ಬಾರಮ್ಮ. ಇದನ್ನ ಹಿಡ್ಕೊಂಡು ಇಲ್ಲಿ, ನನ್ನೆದುರಿಗೆ ನಿಂತ್ಕೋ."

ಮೇಕಪ್‌ನವಳು ಹೆದರಿದಳು. ಏನಾದರೂ ಹೆಚ್ಚುಕಮ್ಮಿಯಾದರೆ ತನ್ನ ತಲೆಗೇ ಬರುತ್ತದೆ ಎಂಬ ಭಯ ಅವಳಿಗೆ. ಬ್ಯಾಗನ್ನು ಎದೆಗೆ ಅವುಚಿಕೊಂಡು ಕ್ಯಾಮೆರಾದ ಪಕ್ಕ ನಿಂತಳು. ಅತ್ತೆಮ್ಮನ ಕಣ್ಣು ಹಳೆಯ ಚಾಳಿಯಂತೆ ಮೊದಲು ಅವಳ ಕೈಗೆ ಹೋಯಿತು. ಜಿಪ್ಪಿಗೆ ತಾಗಬಾರದೆಂದು ಆ ಕೈಯ ಬೆರಳುಗಳು ಒಳಕ್ಕೆ ಮಡಚಿಕೊಂಡಿದ್ದವು. ಅಯ್ಯೋ ಪಾಪ ಅನ್ನಿಸಿ ತಲೆಯೆತ್ತಿ ಮುಖ ನೋಡಿದರು. ಬಂದಾಗಿನಿಂದ ಆ ಮುಖವನ್ನು ಅವರು ಸರಿಯಾಗಿ ನೋಡಿಯೇ ಇರಲಿಲ್ಲ. ಫೋಟೊಗ್ರಾಫರ್ ಆಗಲೇ ಕ್ಲಿಕ್ಕಿಸಿದ್ದ.

ಹೊರಡುವಾಗ ಬ್ಯಾಗು ವಾಪಸು ಕೊಡುತ್ತ ಮೇಕಪ್‌ನವಳು ಮೆಲ್ಲಗೆ, "ಒಂದ್ಸಲ ತೆಗೆದು ನೋಡ್ಕೊಳ್ಳಿ ಅಮ್ಮ, ಪರವಾಗಿಲ್ಲ" ಎಂದಳು. ಜಿಪ್ಪಿನ ತನಕ ಹೋಗಿದ್ದ ಕೈಯನ್ನು ಅತ್ತೆಮ್ಮ ಹಿಂದಕ್ಕೆ ಎಳೆದುಕೊಂಡರು. "ಬೇಡ ಬಿಡಮ್ಮ" ಎಂದು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದರು. ದಾರಿಯುದ್ದಕ್ಕೂ ಒಳಗೊಂದು ಹುಳ ಕೊರೆಯುತ್ತಲೇ ಇತ್ತು. ಆದರೂ ತೆರೆಯಲಿಲ್ಲ.

ಮನೆಗೆ ಬಂದ ಮೇಲೆ ಬ್ಯಾಗು ತೆರೆದು, ಬೀರುವಿನ ಬೀಗದ ಕೈ ಹೊರತೆಗೆದು, ಪಾತ್ರೆ ಒರೆಸುತ್ತಿದ್ದ ಸೊಸೆಯ ಮುಂದೆ ಇಟ್ಟರು.

"ಇನ್ಮೇಲೆ ಇದು ನಿನ್ನ ಹತ್ರಾನೇ ಇರ್ಲಿ."

ಸೊಸೆ ಕೈ ಚಾಚಲಿಲ್ಲ. ಬೀಗದ ಕೈಯನ್ನು ನೋಡಿದಳು, ಅತ್ತೆಯ ಮುಖ ನೋಡಿದಳು, ಇದರಲ್ಲಿ ಏನು ಮಸಲತ್ತಿದೆಯೋ ಎಂಬಂತೆ. ಆ ನೋಟ ಯಾರದೆಂದು ಅತ್ತೆಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಅವಳಾಗಿಯೇ ತೆಗೆದುಕೊಳ್ಳಲಿ ಎಂದು ಅಲ್ಲಿಯೇ ನಿಂತು ಕಾದರು.