ನಿಂತರೆ ಮನೆ, ಓಡಿದರೆ ಗಾಡಿ

ನಾನು ಹುಟ್ಟಿದ್ದು ಎರಡು ಸಲ. ಮೊದಲ ಸಲ ಹತ್ತೊಂಬತ್ತು ಸೀಟಿನ ಮಿನಿ ಬಸ್ಸಾಗಿ, ಎರಡನೆಯ ಸಲ ಮನೆಯಾಗಿ.

ಮೊದಲ ಹುಟ್ಟಿನ ಬಗ್ಗೆ ಹೇಳಿಕೊಳ್ಳುವಂಥದ್ದು ಹೆಚ್ಚಿಲ್ಲ. ಶೆಡ್ಡಿನಲ್ಲಿ ತಗಡು ಬಡಿದರು, ಬೆಸುಗೆ ಹಾಕಿದರು, ಬಿಳಿ ಬಣ್ಣ ಹೊಡೆದರು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ರಸ್ತೆಗೆ ಬಿಟ್ಟರು. ಹುಬ್ಬಳ್ಳಿಯ ಟ್ರಾವೆಲ್ಸ್ ಮಾಲೀಕನೊಬ್ಬ ನನ್ನನ್ನು ಕೊಂಡು ಮದುವೆ ದಿಬ್ಬಣಗಳಿಗೆ ಓಡಿಸಿದ. ಐದು ವರ್ಷ ನಾನು ಹೊತ್ತದ್ದೆಲ್ಲ ಬೀಗರನ್ನೇ. ಹೋಗುವಾಗ ಹಾಡು, ಬರುವಾಗ ಜಗಳ. ಹೋಳಿಗೆಗೆ ತುಪ್ಪ ಸರಿಯಾಗಿ ಬಡಿಸಲಿಲ್ಲ ಎಂಬ ಒಂದೇ ಮಾತಿಗೆ ಎರಡು ಮನೆತನಗಳು ನನ್ನ ಹೊಟ್ಟೆಯೊಳಗೇ ಕಡಿದಾಡಿದ್ದುಂಟು. ಅಲ್ಲಿಂದ ಬಟ್ಟೆ ವ್ಯಾಪಾರಿಯ ಕೈಗೆ ಬಂದೆ. ಅವನು ಸೀಟು ಕಿತ್ತು ಸೀರೆಯ ಗಂಟು ತುಂಬಿದ. ಗಂಟುಗಳು ಮಾತಾಡುವುದಿಲ್ಲ. ಆ ಎರಡು ವರ್ಷ ನನಗೆ ಬಲು ಬೇಸರವಾಯಿತು.

ಮೂರನೆಯವನಾಗಿ ಬಂದವನು ಗದಗಿನ ಶೇಖಪ್ಪ ಮಡಿವಾಳರ. ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದವನು. ಊರ ಜನರನ್ನೆಲ್ಲ ಪಂಢರಾಪುರ, ಮಂತ್ರಾಲಯ, ಶ್ರೀಶೈಲ ಎಂದು ತಿರುಗಿಸಿದ್ದ. ಕಟ್ಟಿಕೊಂಡ ಹೆಂಡತಿ ಕಸ್ತೂರೆವ್ವನನ್ನು ಮಾತ್ರ ತವರುಮನೆಯಿಂದಾಚೆ ಒಂದು ದಿನವೂ ಕರೆದೊಯ್ದಿರಲಿಲ್ಲ. ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ಅವಳು ಆಡಿಕೊಳ್ಳುತ್ತಿದ್ದಳು, ನಗುತ್ತಲೇ ಅನ್ನಿ. ಆ ಮಾತು ಅವನಿಗೆ ನಾಟಿತ್ತು. ನಿವೃತ್ತಿಯ ಹಣದಲ್ಲಿ ನನ್ನನ್ನು ಕೊಂಡ.

ನನ್ನ ಎರಡನೆಯ ಹುಟ್ಟಿಗೆ ಮೂರು ತಿಂಗಳು ಹಿಡಿಯಿತು. ಹಿಂಭಾಗದಲ್ಲಿ ಉದ್ದುದ್ದಕ್ಕೆ ಹಾಸಿಗೆ, ಹಿಂದಿನ ತುದಿಗೆ ತಲೆದಿಂಬು, ಅದರ ಮೇಲ್ಗಡೆ ದೇವರ ಗೂಡು, ನಡುವೆ ಒಲೆ, ಮೂಲೆಯಲ್ಲಿ ನೀರಿನ ಟಾಕಿ. ಆರ್‌ಟಿಒ ಕಚೇರಿಯಲ್ಲಿ ತಪಾಸಣೆ ಮಾಡಿಸಿ ನನ್ನ ನೋಂದಣಿ ಪುಸ್ತಕವನ್ನೂ ತಿದ್ದಿಸಿದ. ಕಾಯ್ದೆಯ ವಿಷಯದಲ್ಲಿ ಶೇಖಪ್ಪ ಮಡಿಹೆಂಗಸಿನಷ್ಟು ಕಟ್ಟುನಿಟ್ಟು. ಮೂವತ್ತೊಂದು ವರ್ಷದಲ್ಲಿ ಒಂದು ಅಪಘಾತವಿಲ್ಲ, ಒಂದು ಕೇಸಿಲ್ಲ. ಲೈಸೆನ್ಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಯ ಜೇಬಿನಲ್ಲಿಟ್ಟುಕೊಂಡು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದ. ಅವನಿಗಿದ್ದ ಆಸ್ತಿ ಅದೊಂದೇ, ಅವನ ಹೆಸರೂ ಅದರಲ್ಲೇ ಇತ್ತು.

ಹಾಗೆಂದು ಅವನು ಸನ್ಯಾಸಿಯಲ್ಲ. ಕೆಲಸದ ದಿನ ಹನಿಯನ್ನೂ ಮುಟ್ಟದ ಮನುಷ್ಯ, ರಜೆಯ ಸಂಜೆ ಎರಡು ಪೆಗ್ಗು ಹಾಕುತ್ತಿದ್ದ. ಹಿಂದಿನ ವರ್ಷ ಎದೆಗೆ ಸ್ಟೆಂಟ್ ಹಾಕಿಸಿಕೊಂಡ ಮೇಲೆ ಡಾಕ್ಟರರ ಜೊತೆ ಗುದ್ದಾಡಿ ವಾರಕ್ಕೊಂದು ಸಂಜೆಯನ್ನು ಉಳಿಸಿಕೊಂಡಿದ್ದ. ನಾನು ತಯಾರಾದ ಮೇಲೆ ಅವನಿಗೊಂದು ಅನುಮಾನ ಹತ್ತಿತು. ಓಣಿಯ ವಕೀಲರನ್ನು ನನ್ನ ಬಾಗಿಲಲ್ಲೇ ನಿಲ್ಲಿಸಿ ಕೇಳಿದ.

“ಸಾಹೇಬ್ರ, ನಿಂತ ಗಾಡ್ಯಾಗ ಎರಡು ಪೆಗ್ಗು ಹಾಕಿ ಮಲಕೊಂಡ್ರ ತಪ್ಪೇನ್ರಿ? ನಿಂತ್ರ ಇದು ಮನಿ, ಓಡಿದ್ರ ಗಾಡಿ. ಹೌದಿಲ್ಲೋ?”

“ನೀ ಹಂಗಂತಿ ಶೇಖಪ್ಪ, ಕಾಯ್ದೆ ಹಂಗನ್ನಂಗಿಲ್ಲ” ಎಂದರು ವಕೀಲರು. “ರಸ್ತಾದ ಮ್ಯಾಲೆ ನಿಲ್ಲಿಸಿ ಬಾಟ್ಲಿ ತೆಗದ್ರ ಒಂದು ತಕರಾರು. ಕುಡದು ಡ್ರೈವರ್ ಸೀಟಿನ್ಯಾಗ ಕುಂತು ಚಾವಿ ತಿರುವಿದ್ರ, ಗಾಲಿ ಹೊರಳದಿದ್ರೂ ಓಡಸಾಕ ಪ್ರಯತ್ನ ಮಾಡಿದಿ ಅಂತ ಕೇಸು ಹಾಕಬಹುದು. ಲೈಸೆನ್ಸಿನ ಆಸೆ ಬಿಡು ಆಮ್ಯಾಲೆ.”

ಅಂದು ರಾತ್ರಿ ಶೇಖಪ್ಪನಿಗೆ ಅನ್ನ ಸೇರಲಿಲ್ಲ. ಮರುದಿನ ಗಂಡ ಹೆಂಡತಿ ಒಂದು ಒಪ್ಪಂದಕ್ಕೆ ಬಂದರು. ರಸ್ತೆಯ ಬದಿಯಲ್ಲಿ ತಂಗುವುದಿಲ್ಲ, ಯಾರದಾದರೂ ಅಂಗಳದಲ್ಲಿ ಕೇಳಿಕೊಂಡು ನಿಲ್ಲಿಸುವುದು. ಮತ್ತೆ ಕಸ್ತೂರೆವ್ವ ಹೇಳಿದ್ದು: “ಬಾಟ್ಲಿ ನಿಮ್ಮ ಕೈಗೆ ಬಂದ್ರ ಚಾವಿ ನನ್ನ ಚೀಲಕ್ಕ. ಬೆಳಗ ಹರದು ನೀವು ಜಳಕಾ ಮಾಡಿ ನಾಷ್ಟಾ ತಿಂದ ಮ್ಯಾಲೆ ಚಾವಿ ನಿಮ್ಮ ಕೈಗೆ.” ಅವಳ ಎಲೆ ಅಡಿಕೆಯ ಚೀಲಕ್ಕೆ ನನ್ನ ಚಾವಿ ಹೀಗೆ ಹೋಯಿತು. ಸುಣ್ಣದ ವಾಸನೆ ಈಗಲೂ ಅದಕ್ಕೆ ಹತ್ತಿಕೊಂಡಿದೆ.

ದ್ವಾರಕೆಗೆ ಹೋಗಬೇಕೆಂಬುದು ಕಸ್ತೂರೆವ್ವನ ಆಸೆ. ಮೊದಲ ದಿನವೇ ಆಲಮಟ್ಟಿ ಹಿನ್ನೀರಿನ ಹತ್ತಿರ ಹೆದ್ದಾರಿಗೆ ಹೊಂದಿದ ಒಂದು ಡಾಬಾ ಸಿಕ್ಕಿತು. ಬಿಸಿಲು ಜೋರಿತ್ತು. ಒಂದು ಗಂಟೆಗೇ ಯಜಮಾನನನ್ನು ಕೇಳಿ ಅಂಗಳದಲ್ಲಿ ನನ್ನನ್ನು ನಿಲ್ಲಿಸಿದರು. ಊಟ ಮಾಡಿದರು, ನಿದ್ದೆ ಹೊಡೆದರು, ನೀರಿನ ತನಕ ನಡೆದು ಬಂದರು. ಹೊತ್ತು ಇಳಿಯುತ್ತಲೇ ಚಾವಿ ಚೀಲ ಸೇರಿತು. ಶೇಖಪ್ಪ ಪರದೆ ಎಳೆದು, ಶೇಂಗಾ ಹುರಿಸಿಕೊಂಡು, ಎರಡು ಪೆಗ್ಗು ಮುಗಿಸಿದ. ಜಗತ್ತಿನಲ್ಲಿ ಅವನಷ್ಟು ಸುಖಿ ಆಗ ಇನ್ನೊಬ್ಬನಿರಲಿಲ್ಲ.

ಅಷ್ಟರಲ್ಲಿ ಹಾಸಿಗೆ ಕೊಡವುತ್ತಿದ್ದ ಕಸ್ತೂರೆವ್ವ ಪರದೆ ಸರಿಸಿ ನೋಡಿ ಗಾಬರಿಯಾದಳು. ಮುಳುಗಿದ ಸೂರ್ಯನ ಕೆಂಪು ನನ್ನ ಬಲಗಡೆಯ ಕಿಟಕಿಯಲ್ಲಿತ್ತು. ಅಂದರೆ ನನ್ನ ಮೂತಿ ದಕ್ಷಿಣಕ್ಕೆ, ಹಿಂಭಾಗ ಉತ್ತರಕ್ಕೆ.

“ಅಯ್ಯ ಶಿವನ! ತಲಿದಿಂಬು ಉತ್ತರಕ್ಕ ಬಂದೈತ್ರೀ!”

“ಬಂದ್ರ ಬರಲಿ ಬಿಡು, ಒಂದು ರಾತ್ರಿ.”

“ಒಂದು ರಾತ್ರಿ ಅಂತ ನಮ್ಮ ಮಾವನೂ ಅಂದಿದ್ರು. ಉತ್ತರಕ್ಕ ತಲಿ ಮಾಡಿ ಮಲಗಿದವ್ರು ಏಳಲೇ ಇಲ್ಲ. ನಿಮ್ಮ ಎದ್ಯಾಗ ಡಾಕ್ಟರು ತಂತಿ ಇಟ್ಟಾರ, ನೆನಪೈತಿಲ್ಲೋ?”

ಆಸ್ಪತ್ರೆಯ ಬಾಗಿಲಲ್ಲಿ ಎರಡು ರಾತ್ರಿ ಕೂತವಳು ಅವಳು. ಆ ಭಯ ಹೊರಗೆ ಬರಲು ಒಂದು ದಾರಿ ಹುಡುಕುತ್ತಿತ್ತು, ಇಲ್ಲಿ ಸಿಕ್ಕಿತು ಅಷ್ಟೇ. ತಾನೇ ಕಟ್ಟಿದ ಕಟ್ಟಳೆಯನ್ನು ತಾನೇ ಮರೆತು ಚೀಲದಿಂದ ಚಾವಿ ತೆಗೆದು ಗಂಡನ ಮುಂದೆ ಹಿಡಿದಳು. “ಹಿಂದ ಮುಂದ ಮಾಡಿ ಒಂದೀಟು ತಿರುವಿ ನಿಲ್ಲಸ್ರಿ. ಅಂಗಳದಾಗ ಯಾರು ನೋಡ್ತಾರ?”

ಶೇಖಪ್ಪ ಬಂದು ನನ್ನ ಸೀಟಿನಲ್ಲಿ ಕೂತ. ಚಾವಿ ಹಾಕಿದ. ಅರ್ಧ ತಿರುವಿದ. ಸ್ಟೇರಿಂಗ್ ಮುಂದಿನ ಪುಟ್ಟ ಕೆಂಪು ದೀಪಗಳು ಹೊತ್ತಿಕೊಂಡವು. ಇನ್ನೊಂದು ಎಳೆ ತಿರುವಿದ್ದರೆ ನನ್ನ ಎಂಜಿನ್ನು ಶುರುವಾಗಬೇಕಿತ್ತು. ಯಂತ್ರಕ್ಕೆ ಇಲ್ಲ ಅನ್ನುವ ಬಾಯಿಲ್ಲ. ಅವನ ಇನ್ನೊಂದು ಕೈ ಎದೆಯ ಜೇಬಿನ ಮೇಲಿತ್ತು. ಚಾವಿ ಕಿತ್ತು ಹೆಂಡತಿಯ ಕೈಗೆ ವಾಪಸು ಕೊಟ್ಟ.

“ನಾ ಓಡಸಂಗಿಲ್ಲ. ನೀ ಸ್ಟೇರಿಂಗ್ ಹಿಡಿ. ನೂಕಿ ತಿರುವೂಣು.”

ನನ್ನ ಸ್ಟೇರಿಂಗ್‌ಗೆ ಬೀಗವಿರಲಿಲ್ಲ, ಅದೊಂದು ಪುಣ್ಯ. ಡಾಬಾದ ಯಜಮಾನ, ಅಡುಗೆಯವರಿಬ್ಬರು, ಊಟಕ್ಕೆ ಕೂತಿದ್ದ ನಾಲ್ವರು ಲಾರಿ ಡ್ರೈವರ್‌ಗಳು ಕೈ ತೊಳೆದುಕೊಂಡು ಬಂದರು. ವಿಷಯ ಕೇಳಿ ಯಾರೂ ನಗಲಿಲ್ಲ. ಉತ್ತರಕ್ಕೆ ತಲೆ ಎಂದರೆ ಎಲ್ಲರಿಗೂ ಅರ್ಥವಾಗುವ ಮಾತು. ಕಸ್ತೂರೆವ್ವ ಸೆರಗು ಸಿಕ್ಕಿಸಿ ಸ್ಟೇರಿಂಗ್ ಹಿಡಿದಳು. ಜೀವಮಾನದಲ್ಲಿ ಮೊದಲ ಸಲ. ಶೇಖಪ್ಪ ಕಿಟಕಿಗೆ ಭುಜ ಕೊಟ್ಟು ನೂಕುತ್ತ ಬಲಕ್ಕೆ ಹೊಡಿ ಎಂದರೆ ಅವಳು ತನ್ನ ಎರಡೂ ಕೈ ನೋಡಿಕೊಂಡು ಎಡಕ್ಕೆ ಎಳೆದಳು. ನೋಡನೋಡುತ್ತಲೇ ನನ್ನ ಹಿಂಭಾಗ ಅಂಗಳ ದಾಟಿ ಹೆದ್ದಾರಿಯ ಮೇಲೆ ಹೋಗಿ ನಿಂತಿತು.

ಸರಿಯಾಗಿ ಅದೇ ಹೊತ್ತಿಗೆ ಪೊಲೀಸ್ ಜೀಪು ಬಂತು.

ಇಳಿದವರು ಎಸ್ಐ ರೇಷ್ಮಾ ಮುಲ್ಲಾ. ಜೊತೆಗೊಬ್ಬ ಕಾನ್‌ಸ್ಟೆಬಲ್. ಅರ್ಧ ರಸ್ತೆಯಲ್ಲಿ ಪರದೆ ಕಟ್ಟಿದ ಗಾಡಿ, ಸ್ಟೇರಿಂಗ್ ಹಿಡಿದ ಮುದುಕಿ, ಬೆವರುತ್ತ ನೂಕುವ ಎಂಟು ಗಂಡಸರು. ಅವರ ಕಣ್ಣು ಶೇಖಪ್ಪನ ಮೇಲೆ ನಿಂತಿತು. ಮೂಗು ಅದಕ್ಕೂ ಮೊದಲೇ ಅವನನ್ನು ಗುರುತಿಸಿತ್ತು. ಊದುವ ಯಂತ್ರ ಬಂತು. ಶೇಖಪ್ಪ ಊದಿದ. ಅದು ಕೀ ಎಂದು ಕೂಗಿತು.

“ಗಾಡಿ ನಿಮ್ಮದನ? ಕುಡದು ರಸ್ತಾಕ್ಕ ತಂದೀರಿ?”

“ಕುಡದೀನ್ರಿ ಮೇಡಂ. ಓಡಿಸಿಲ್ಲ.”

“ಎಲ್ಲಾರೂ ಅನ್ನೋದು ಅದನ್ನ.”

ಅವರು ನನ್ನ ಮುಂದೆ ಬಂದು ಬಾನೆಟ್ಟಿನ ಮೇಲೆ ಅಂಗೈ ಊರಿದರು. ಬಗ್ಗಿ ಸೈಲೆನ್ಸರಿನ ಕೊಳವೆಯನ್ನೂ ಮುಟ್ಟಿದರು. ಮಧ್ಯಾಹ್ನ ಒಂದರಿಂದ ನಿಂತವನು ನಾನು, ಬಾವಿಯ ಕಲ್ಲಿನಂತೆ ತಣ್ಣಗಿದ್ದೆ. ಬಾಯಿಲ್ಲದ ನಾನು ಸಾಕ್ಷಿ ಹೇಳಿದ್ದು ಜೀವನದಲ್ಲಿ ಅದೊಂದೇ ಸಲ, ಮತ್ತು ಚೆನ್ನಾಗಿಯೇ ಹೇಳಿದೆ. ಎಸ್ಐ ಅವರ ಮುಖ ಸಡಿಲಾಯಿತು. ಕಥೆ ಅಲ್ಲಿಗೇ ಮುಗಿಯಬಹುದಿತ್ತು.

ಆದರೆ ಶೇಖಪ್ಪನ ಬಾಯಿ ಸುಮ್ಮನಿರಬೇಕಲ್ಲ. “ಮೇಡಂ, ಸುಳ್ಳು ಹೇಳಬಾರದು. ಚಾವಿ ಹಾಕಿದ್ದೆ. ಅರ್ಧ ತಿರುವಿದ್ದೆ. ಆಮ್ಯಾಲೆ ಮನಸ್ಸು ಒಪ್ಪಲಿಲ್ಲ, ತಗದೆ. ಕೇಸು ಆಗತೈತಿ ಅಂದ್ರ ಬರೀರಿ.” ಹಾಗೆಂದು ಪ್ಲಾಸ್ಟಿಕ್ ಚೀಲ ಬಿಚ್ಚಿ ಲೈಸೆನ್ಸನ್ನು ಅವರ ಕೈಗಿಟ್ಟ. ನಾನು ಮನಸ್ಸಿನಲ್ಲೇ ಅವನನ್ನು ಬೈದೆ. ಅಷ್ಟೇ ಹೆಮ್ಮೆಯೂ ಆಯಿತು, ಯಾಕೆ ಮುಚ್ಚಿಡಲಿ?

ಕಸ್ತೂರೆವ್ವ ದಡಬಡಿಸಿ ಇಳಿದಳು. “ಅವರದೇನೂ ತಪ್ಪಿಲ್ಲವ್ವಾ. ಚಾವಿ ಕೊಟ್ಟಾಕಿ ನಾನು. ತಲಿ ಉತ್ತರಕ್ಕ ಬಂದಿತ್ತು. ಅವರ ಹೃದಯ ಸೂಕ್ಷ್ಮ ಐತಿ, ನನಗ ಹೆದರಿಕಿ ಆತು. ಬರಿಯೂದಿದ್ರ ನನ್ನ ಹೆಸರು ಬರಿ.”

ಕಾನ್‌ಸ್ಟೆಬಲ್ ತಲೆ ಕೆರೆದುಕೊಂಡ. “ಅಮ್ಮಾ, ದಿಂಬು ಆ ಕಡಿಯಿಂದ ಈ ಕಡಿಗೆ ಇಟ್ಟಿದ್ರ ಮುಗೀತಿತ್ತಲ್ಲ?”

“ಈಗ ದಿಂಬು ಇರೋ ಕಡಿ ಮ್ಯಾಲೆ ದೇವರ ಗೂಡೈತಪ್ಪ. ದೇವರಿಗೆ ಕಾಲು ಚಾಚಿ ಮಲಗೂದೇನು?”

ರೇಷ್ಮಾ ಮುಲ್ಲಾ ಮೆಲ್ಲಗೆ ನಕ್ಕರು. “ನಮ್ಮ ಅಮ್ಮಿದೂ ಇದ ಹಾಡು. ನಮಾಜಿನ ದಿಕ್ಕು ಅಂತ ಪಡುವಣಕ್ಕ ಕಾಲು ಮಾಡಿ ಮಲಗಂಗಿಲ್ಲ. ಕ್ವಾರ್ಟರ್ಸು ಬದಲಿ ಆದಾಗೊಮ್ಮೆ ಅಕಿ ಮಂಚ ಎಳದು ಎಳದು ನನ್ನ ನಡಾ ಹೋಗೈತಿ. ಈಗ ನಿಮ್ಮ ಕಾಲು ಯಾ ಕಡಿ ಬರಬೇಕು?”

“ಉತ್ತರಕ್ಕ. ತಲಿ ದಕ್ಷಿಣಕ್ಕ.”

“ಹಂಗಾದ್ರ ನಮ್ಮ ಅಮ್ಮಿಗೂ ತಕರಾರಿಲ್ಲ.”

ಅವರು ಲೈಸೆನ್ಸನ್ನು ಟಾರ್ಚಿನ ಬೆಳಕಿನಲ್ಲಿ ಎರಡೂ ಮಗ್ಗುಲು ನೋಡಿದರು.

“ಯಜಮಾನ್ರ, ಪ್ರಯತ್ನ ಮಾಡಿದವರಿಗೆ ಕೇಸು ಐತಿ. ಮಾಡೂದ ಬಿಟ್ಟವರಿಗೆ ನನ್ನ ಪುಸ್ತಕದಾಗ ಏನೂ ಬರದಿಲ್ಲ. ತಗೋರಿ. ಇನ್ನ ಮ್ಯಾಲೆ ಮೊದಲು ದಿಕ್ಕು ನೋಡ್ರಿ, ಆಮ್ಯಾಲೆ ಬಾಟ್ಲಿ ತಗೀರಿ.”

ಜೀಪನ್ನು ರಸ್ತೆಗೆ ಅಡ್ಡ ನಿಲ್ಲಿಸಿ, ಬರುವ ಲಾರಿಗಳಿಗೆ ಕಾನ್‌ಸ್ಟೆಬಲ್ ಕೈ ತೋರಿಸಿದ. ಎಸ್ಐ ಟೋಪಿ ತೆಗೆದಿಟ್ಟು ನನ್ನ ಬಂಪರಿಗೆ ಕೈ ಹಚ್ಚಿದರು. ಪೊಲೀಸರೇ ಬಂದು ನೂಕಿದರೆ ಯಾವ ಗಾಡಿ ತಾನೇ ಹಟ ಹಿಡಿದೀತು? ಮೂತಿ ಉತ್ತರಕ್ಕೆ ಮಾಡಿ ಒಪ್ಪವಾಗಿ ನಿಂತೆ. ಕಸ್ತೂರೆವ್ವ ಎಲ್ಲರಿಗೂ ಚುರುಮುರಿ ಹಚ್ಚಿ ಕೊಟ್ಟಳು. ಆ ರಾತ್ರಿ ಶೇಖಪ್ಪ ಗೊರಕೆ ಹೊಡೆದ. ಅವಳು ಎಚ್ಚರವಿದ್ದು ಬಹಳ ಹೊತ್ತು ಆ ಗೊರಕೆಯನ್ನು ಕೇಳಿಸಿಕೊಂಡಳು.

ದ್ವಾರಕೆಗೂ ಹೋದೆವು. ಗುಜರಾತಿನಲ್ಲಿ ಕುಡಿತಕ್ಕೆ ನಿಷೇಧ. ಗಡಿಗೆ ಒಂದು ಮೈಲಿ ಇರುವಾಗಲೇ ಶೇಖಪ್ಪ ನನ್ನನ್ನು ನಿಲ್ಲಿಸಿ ಉಳಿದಿದ್ದ ಅರ್ಧ ಬಾಟ್ಲಿಯನ್ನು ಒಂದು ಬೇವಿನ ಮರದ ಬುಡಕ್ಕೆ ಸುರಿದ. ಸಾಯುವವರ ಬಾಯಿಗೆ ಗಂಗೆ ಬಿಡುವವನ ಮುಖ ಮಾಡಿಕೊಂಡಿದ್ದ. ಹನ್ನೊಂದು ದಿನ ಒಣಗಿದ. ಕೆನ್ನೆಗೆ ಬಣ್ಣ ಬಂತು. “ಇದ ರಾಜ್ಯದಾಗ ಮನಿ ಮಾಡೂಣೇನ್ರಿ?” ಎಂದು ಕಸ್ತೂರೆವ್ವ ಕಾಡಿದಳು. ಆಮೇಲಿನ ವರ್ಷಗಳಲ್ಲಿ ಕನ್ಯಾಕುಮಾರಿ, ಪುರಿ, ಇನ್ನೂ ಎಲ್ಲೆಲ್ಲೋ. ಎಲ್ಲಿಯೇ ತಂಗಲಿ, ಮೊದಲು ಅವಳು ಇಳಿದು ಸೂರ್ಯನನ್ನು ನೋಡಿ ಕೈ ಎತ್ತಿ ದಿಕ್ಕು ಹೇಳುತ್ತಿದ್ದಳು. ಅವಳು ಹೂಂ ಅಂದ ಮೇಲೆಯೇ ನನ್ನ ಎಂಜಿನ್ನು ಆರುತ್ತಿತ್ತು.

ಶೇಖಪ್ಪನಿಗೆ ಎಪ್ಪತ್ತಾಯಿತು. ಎದುರಿನ ಗಾಡಿಯ ದೀಪ ಅವನ ಕಣ್ಣಿಗೆ ಎರಡಾಗಿ ಕಾಣತೊಡಗಿತು. ಲೈಸೆನ್ಸು ನವೀಕರಿಸುವ ವರ್ಷ ಬಂದಾಗ ಅವನು ಕಚೇರಿಗೆ ಹೋಗಲೇ ಇಲ್ಲ. ಯಾರೂ ಕಸಿಯಲಿಲ್ಲ, ಯಾರೂ ಕೇಳಲಿಲ್ಲ. ಅದನ್ನು ತಾನೇ ದೇವರ ಗೂಡಿನಲ್ಲಿಟ್ಟು ಕೈ ಮುಗಿದ. ನನ್ನ ಹೆಸರನ್ನೂ ಆರ್‌ಟಿಒ ಪುಸ್ತಕದಿಂದ ತೆಗೆಸಿದ. ಎಂಜಿನ್ನು ಬಿಚ್ಚಿ ಮಾರಿದರು, ಗಾಲಿ ಕಳಚಿದರು, ಮನೆಯ ಹಿತ್ತಲಲ್ಲಿ ನಾಲ್ಕು ಕಲ್ಲುಗಂಬದ ಮೇಲೆ ನನ್ನನ್ನು ಕೂರಿಸಿದರು. ಎಂಜಿನ್ನು ಹೋದ ದಿನ ನನಗೆ ನೋವಾಯಿತು. ಆದರೆ ಗುಜರಿಯ ಸುತ್ತಿಗೆಗೆ ಸಿಗದೆ ಹಿತ್ತಲಿನ ನೆರಳಿಗೆ ಬಂದವನು ಹೆಚ್ಚು ಗೊಣಗಬಾರದು.

ಅಂದು ಸಂಜೆ ಇಬ್ಬರೂ ನನ್ನೊಳಗೆ ಬಂದು ಕೂತರು. ಶೇಖಪ್ಪ ಎರಡು ಪೆಗ್ಗು ಮುಗಿಸಿ ಮಂಕಾಗಿದ್ದ. ಕಸ್ತೂರೆವ್ವ ಅವನ ತೋಳು ಹಿಡಿದು ಎಳೆದಳು.

“ಏಳ್ರಿ. ಸೀಟಿನ್ಯಾಗ ಕುಂದರ್ರಿ.”

“ಕುಡದೀನಲ್ಲ?”

“ಈಗ ಯಾ ಪೊಲೀಸರು ಬರ್ತಾರ? ದ್ವಾರಕೆಗೆ ಹೋಗೂಣು ನಡೀರಿ.”

ಅವನು ನಕ್ಕ. ಎದ್ದು ಬಂದು ಕೂತ, ಕನ್ನಡಿ ಸರಿ ಮಾಡಿಕೊಂಡ, ಸ್ಟೇರಿಂಗ್ ಹಿಡಿದ. ಅವಳು ಬಾಗಿಲು ಬಡಿದು ಕಂಡಕ್ಟರನಂತೆ “ರೈಟ್!” ಎಂದಳು. ನರಗುಂದ ಬಂತು ಎಂದಳು, ಅವನು ತಿರುವಿದ. ಬಾಗಲಕೋಟೆ ಬಂತು, ಎಮ್ಮೆ ಅಡ್ಡ ಬಂತು, ಸೋಲಾಪುರ ಬಂತು. ಪ್ರತಿ ಊರಿಗೂ ಅವನು ಬಾಯಿಂದಲೇ ಹಾರನ್ ಹೊಡೆದ. ಗಾಲಿಯಿಲ್ಲದ ನಾನು ಹಿತ್ತಲಿನಲ್ಲಿ ಒಂದಂಗುಲ ಅಲುಗದೆ ಸಾವಿರ ಮೈಲಿ ಓಡಿದೆ. ಸೀಟಿನಲ್ಲಿ ಕುಡಿದ ಡ್ರೈವರು, ಪಕ್ಕದಲ್ಲಿ ನಗುವ ಹೆಂಡತಿ, ತಡೆಯುವ ಕಾಯ್ದೆ ಒಂದೂ ಇಲ್ಲ. ನನ್ನ ಇಡೀ ಆಯುಷ್ಯದಲ್ಲಿ ಅಷ್ಟು ದೂರ ನಾನು ಬೇರೆ ಯಾವ ದಿನವೂ ಹೋಗಿರಲಿಲ್ಲ.