ಗುಡ್ಡಕ್ಕೆ ಮೊದಲ ಗುಟುಕು

ಕುವೈತಿನ ಸಬ್ಹಾನ್ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಯಂತ್ರ ರಿಪೇರಿ ಮಾಡುವ ರುಫಿನೊ ಬೊಲಿವಿಯಾದವನು. ಹರಕು ಹಿಂದಿಯಲ್ಲಿ ಅವನು ಆಂಡಿಸ್ ಬೆಟ್ಟದ ತನ್ನ ಪುಟ್ಟ ಊರಿನ ಪುರಾಣ ಬಿಚ್ಚಿದನೆಂದರೆ ಸ್ಟೋರ್‌ಕೀಪರ್ ಸೇಸಪ್ಪನಿಗೆ ಊಟವೂ ಬೇಡ.

"ಬೆಳ್ಳಿಗೋಸ್ಕರ ಸ್ಪೇನಿನವರು ಬಂದರು, ಇಗರ್ಜಿ ಕಟ್ಟಿದರು. ನಾವು ಇಗರ್ಜಿಗೂ ಹೋದೆವು, ಕುಡಿಯುವಾಗ ಮೊದಲ ಗುಟುಕನ್ನು ಗುಡ್ಡಕ್ಕೂ ಸುರಿದೆವು. ಒಬ್ಬ ಜಿಪುಣ ಮೇಯರ್ ಮಾತ್ರ ಮದ್ಯದ ಬದಲು ನೀರು ಸುರಿದ. ಗುಡ್ಡವೂ ನೀರನ್ನೇ ಕೊಟ್ಟಿತು, ಗಣಿ ತುಂಬ!"

"ಎಂಥ ಪೆದ್ದು ಮಾರಾಯ! ದೈವಕ್ಕೆ ಟೋಪಿ ಹಾಕ್ಲಿಕ್ಕೆ ಆಗ್ತದಾ?" ತುಳುನಾಡಿನ ಸೇಸಪ್ಪ ಬಿದ್ದು ಬಿದ್ದು ನಕ್ಕ.

ಮರುವಾರ ಸೇಸಪ್ಪನ ಸಿವಿಲ್ ಐಡಿ, ಅಂದರೆ ಅಲ್ಲಿನ ಸರ್ಕಾರ ಕೊಡುವ ಗುರುತಿನ ಕಾರ್ಡು, ಕಳೆದುಹೋಯಿತು. ಕಳೆದದ್ದನ್ನು ಹುಡುಕಿಕೊಡುವ ತನ್ನೂರಿನ ದೈವ ಕೊರಗಜ್ಜನಿಗೆ ಚಕ್ಕುಲಿ, ವೀಳ್ಯ, ಕಳ್ಳಿನ ಹರಕೆ ಹೊತ್ತ. ಮದ್ಯವೇ ನಿಷಿದ್ಧವಾದ ಕುವೈತಿನಲ್ಲಿ ಕಳ್ಳು ಎಲ್ಲಿಂದ ಬರಬೇಕು? ಅಬ್ಬಾಸಿಯಾದ ಅಂಗಡಿಯಿಂದ ಅಮಲಿಲ್ಲದ ಬಿಯರ್ ತಂದು, ಲೇಬಲ್ ಕಿತ್ತು, "ಅಜ್ಜಾ, ಫಸ್ಟ್ ಕ್ಲಾಸ್ ಮಾಲು" ಎಂದು ಕೈಮುಗಿದು ಮುಂಗಡವಾಗಿಯೇ ಇಟ್ಟ.

ಸಂಜೆಗೇ ರೂಮಿನ ಫ್ರಿಡ್ಜಿನ ಹಿಂದೆ ಕಾರ್ಡು ಸಿಕ್ಕಿತು! ಮರುದಿನ ಸೇಸಪ್ಪ ಕುಣಿಯುತ್ತಾ ಬಂದು ರುಫಿನೊಗೆ ಎಲ್ಲವನ್ನೂ ಹೇಳಿದ. ಲೇಬಲ್ ಕಿತ್ತದ್ದನ್ನೂ ಹೇಳಿದ.

ರುಫಿನೊ ಕಾರ್ಡನ್ನು ತಿರುಗಿಸಿ ನೋಡಿದ. "ಖಲಾಸ್ ಭಾಯಿ. ಇದು ಹೋದ ವರ್ಷವೇ ಅವಧಿ ಮುಗಿದ ಹಳೇ ಕಾರ್ಡು. ಅಲ್ಲ, ನಿಮ್ಮ ಅಜ್ಜ ನಮ್ಮ ಗುಡ್ಡಕ್ಕೆ ಏನಾಗಬೇಕು?"