ಮದುವೆಯ ದಿನ ಹಿಡಿದ ಕತ್ತು

ಎಪ್ಪತ್ತೊಂಬತ್ತರ ಬೇಸಿಗೆ. ನಿಕಾಹ್ ಇದ್ದದ್ದು ಮಧ್ಯಾಹ್ನದ ನಮಾಜಿನ ನಂತರ. ನಮ್ಮ ಗಫೂರನ ಕತ್ತು ಬೆಳಿಗ್ಗೆಯೇ ಎಡಕ್ಕೆ ತಿರುಗಿ ಹಿಡಿದುಕೊಂಡುಬಿಟ್ಟಿತು. ಬಸರೀಕಟ್ಟೆಯ ಎಸ್ಟೇಟ್ ಜೀಪನ್ನು ಎಂತೆಂಥ ಗುಂಡಿಯಿಂದಲೋ ಎತ್ತಿದ ಡ್ರೈವರನಿಗೆ ತನ್ನ ತಲೆಯನ್ನೇ ನೇರ ಮಾಡಲಾಗಲಿಲ್ಲ. ನಿಕಾಹ್ ಮುಗಿದ ಮೇಲೆ ಗಂಡುಹೆಣ್ಣಿನ ಮುಂದೆ ಕನ್ನಡಿ ಹಿಡಿಯುತ್ತಾರೆ. ಮದುಮಗಳು ಮುಮ್ತಾಜಳ ಮುಖವನ್ನು ಅವನು ಮೊದಲ ಸಲ ನೋಡಬೇಕಾದದ್ದು ಅದರಲ್ಲೇ. ಈ ಅವಸ್ಥೆಯಲ್ಲಿ ಕೂತರೆ ಅವನಿಗೆ ಕಾಣುವುದು ಪಕ್ಕದ ಗೋಡೆ ಮಾತ್ರ!

ಕೊಪ್ಪದಲ್ಲಿ ಇಂಥದ್ದನ್ನು ಬಿಡಿಸುವವರು ಒಬ್ಬರೇ, ಮಾಲೀಸಿನ ಅಬ್ದುಲ್ ಅಜೀಜ್. ಗ್ರಹಚಾರ ನೋಡಿ, ಅವರು ಮುಮ್ತಾಜಳ ಸೋದರಮಾವ.

"ಎಂತ ಆಯ್ತು ಮಾರಾಯ?"

"ದಿಂಬು ಸರಿ ಇರ್ಲಿಲ್ಲ ಮಾಮೂ."

ಅಜೀಜ್ ಬಿಸಿ ಎಳ್ಳೆಣ್ಣೆ ಹಚ್ಚಿ, ಹೆಗಲ ಮೇಲಿನ ಗಂಟನ್ನು ಹುಡುಕಿ ಹೆಬ್ಬೆರಳು ಊರಿದರು. ಮೇಲೆ ಮೇಲೆ ಸವರಿ ಕಳಿಸುವ ಜನ ಅವರಲ್ಲ. ಬೆರಳು ನಿಧಾನ ಒಳಗಿಳಿದು, ಗಂಟು ಸಡಿಲವಾಗುವ ತನಕ ಅಲ್ಲೇ ಕೂತಿರುತ್ತಿತ್ತು. ಗಫೂರನಿಗೆ ನೋವು, ಕಚಗುಳಿ ಎರಡೂ ಒಟ್ಟಿಗೇ ಹತ್ತಿ, ಅಯ್ಯಯ್ಯೋ ಎನ್ನುತ್ತಲೇ ನಗತೊಡಗಿದ.

"ಇದು ಒಂದು ರಾತ್ರಿ ದಿಂಬಿನ ಗಂಟಲ್ಲ. ತಿಂಗಳುಗಟ್ಲೆ ಎಡಕ್ಕೇ ತಿರುಗಿದ್ದೀಯ. ಉಸಿರು ಬಿಡು. ಸುಳ್ಳೂ ಬಿಡು." ಮೊಣಕೈ ಇಳಿಯಿತು.

"ಹೇಳ್ತೀನಿ ಮಾಮೂ! ಕೊಪ್ಪಕ್ಕೆ ಜೀಪು ತರುವಾಗೆಲ್ಲ ಎಡಗಡೆ ನಿಮ್ಮ ಅಕ್ಕನ ಮನೆ ಕಿಟಕಿ ನೋಡ್ತಿದ್ದೆ! ಮುಮ್ತಾಜ್ ಕಾಣ್ತಾಳೇನೋ ಅಂತ!"

ಮೊಣಕೈ ನಿಂತಿತು. ಮದುವೆ ಮುರಿದೇಹೋಯಿತು ಎಂದು ಗಫೂರ ಕಣ್ಣು ಮುಚ್ಚಿದ.

"ಕಂಡ್ಳಾ?"

"ಎಲ್ಲಿ ಮಾಮೂ! ಯಾವಾಗ್ಲೂ ಅತ್ತೆಯೇ ನಿಂತಿರ್ತಿದ್ರು."

ಅಜೀಜ್ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೇ ಕೂತರು. ಗಫೂರನಿಗೂ ನಗು ತಡೆಯಲಾಗಲಿಲ್ಲ. ನಗುತ್ತಾ ಅವನ ಹೆಗಲು ಸಡಿಲವಾದದ್ದನ್ನು ಕಂಡು ಅವರು ಎದ್ದು ಮತ್ತೊಮ್ಮೆ ಒತ್ತಿ ನೀವಿದರು. ಕತ್ತು ಮೆಲ್ಲಗೆ ನೇರಕ್ಕೆ ಬಂತು. ಗಫೂರನಿಗೆ ಕುಣಿಯುವಷ್ಟು ಖುಷಿ. ಆ ಎಣ್ಣೆ ಕೈಗಳನ್ನೇ ಹಿಡಿದು ಕಣ್ಣಿಗೊತ್ತಿಕೊಂಡ.

ಮಧ್ಯಾಹ್ನ ಕನ್ನಡಿ ಬಂತು. ಅದರಲ್ಲಿ ಮುಮ್ತಾಜ್ ಕಂಡಳು. ಗಫೂರ ಕನ್ನಡಿಯ ಕಡೆಗೆ ಇನ್ನಷ್ಟು ಬಗ್ಗಿದ. ಅವಳು ಮಾತ್ರ ತುಟಿ ಕಚ್ಚಿ ನಗು ನುಂಗುತ್ತಿದ್ದಳು. ಮಾಮು ಆಗಲೇ ಎಲ್ಲ ಊದಿಬಿಟ್ಟಿದ್ದರು.

"ಕಿಟಕೀಲಿ ನಾನೆಲ್ಲಿ ಇರ್ತಿದ್ದೆ?" ಎಂದು ಪಿಸುಗುಟ್ಟಿದಳು. "ನಮ್ಮನೆ ಎದುರುಗಡೆ, ರಸ್ತೆ ಆಚೆ ಹೊಲಿಗೆ ಕ್ಲಾಸಿನ ಜಗಲೀಲಿ ಕೂತಿರ್ತಿದ್ದೆ. ನಿಮ್ಮ ಬಲಗಡೆ."

ಗಫೂರ ಬಾಯಿ ಬಿಟ್ಟುಕೊಂಡು ನೋಡಿದ.

"ದಿನಾ ಬರೀ ನಿಮ್ಮ ಬಲಗಿವಿ ನೋಡಿ ನೋಡಿ ಸಾಕಾಗಿತ್ತು. ಪೂರ್ತಿ ಮುಖ ನಂಗೂ ಇವತ್ತೇ ಕಂಡದ್ದು."